ಚಹಾ ಕುಡಿದ ಮೇಲಿನ ಪ್ರಶ್ನೆ

ಹುಲ್ಲುಗಾವಲಿನಲ್ಲಿ ಹುಟ್ಟಿದವರಿಗೆಲ್ಲ ಎರಡು ಪ್ರಶ್ನೆ ಗೊತ್ತು. ಮೊದಲನೆಯದು, "ಚೆನ್ನಾಗಿದ್ದೀರಾ?" ಅದಕ್ಕೆ ಉತ್ತರ ಒಂದೇ, "ಚೆನ್ನಾಗಿದ್ದೀನಿ." ಗುಡಾರಕ್ಕೆ ಬೆಂಕಿ ಬಿದ್ದಿರಲಿ, ತೋಳ ಬಂದು ಕುರಿಹಟ್ಟಿಯನ್ನು ಗುಡಿಸಿ ಹಾಕಿ ಹೋಗಿರಲಿ, ಪ್ರಾಣವೇ ಗಂಟಲಲ್ಲಿ ಕೂತು ಬೂಟು ಮೆಟ್ಟಿಕೊಳ್ಳುತ್ತಿರಲಿ, ಉತ್ತರ ಬದಲಾಗುವುದಿಲ್ಲ. ಬಂದವರ ಮುಖಕ್ಕೆ ಬಾಗಿಲಲ್ಲೇ ಕೆಟ್ಟ ಸುದ್ದಿ ಎರಚುವುದು ಮನುಷ್ಯರು ಮಾಡುವ ಕೆಲಸವಲ್ಲ. ಆಮೇಲೆ ಒಲೆ ಹತ್ತುತ್ತದೆ, ಉಪ್ಪು ಹಾಕಿದ ಹಾಲಿನ ಚಹಾ ಬಟ್ಟಲಿಗೆ ಇಳಿಯುತ್ತದೆ. ಅದನ್ನು ಕುಡಿದು ಬಾಯೊರೆಸಿಕೊಂಡ ಮೇಲೆ ಎರಡನೆಯ ಪ್ರಶ್ನೆ, "ಮತ್ತೇನು ಸಮಾಚಾರ?" ನಿಜ ಹೊರಗೆ ಬರುವುದು ಆಗ.

ಒಬ್ಬ ಮುದುಕ ಹಿಮದ ಗುಂಡಿಯೊಳಗೆ ಕುತ್ತಿಗೆವರೆಗೆ ಹೂತುಹೋಗಿದ್ದನಂತೆ. ದಾರಿಹೋಕನೊಬ್ಬ ಕುದುರೆ ನಿಲ್ಲಿಸಿ "ಚೆನ್ನಾಗಿದ್ದೀರಾ ತಾತ?" ಅಂದ. ಮುದುಕ, "ಚೆನ್ನಾಗಿದ್ದೀನಪ್ಪಾ, ನಿನ್ನ ಕುರಿಗಳು ಕೊಬ್ಬಿದಾವಾ?" ಅಂದ. ದಾರಿಹೋಕ ಅಲ್ಲೇ ಬೆಂಕಿ ಮಾಡಿ ಚಹಾ ಕಾಯಿಸಿ ಮುದುಕನ ಬಾಯಿಗೆ ಹುಯ್ದ ಮೇಲೆಯೇ ಗುಂಡಿಯ ವಿಷಯ ಬಯಲಾದದ್ದು. ನಂಬದವರು ಹೋಗಿ ನೋಡಬಹುದು, ಗುಂಡಿ ಇನ್ನೂ ಅಲ್ಲೇ ಇದೆ.

ಜಿಲ್ಲಾ ಕೇಂದ್ರದ ಹೆರಿಗೆ ಆಸ್ಪತ್ರೆಯಲ್ಲಿ ಮಾತ್ರ ಒಂದೇ ಪ್ರಶ್ನೆ ಇತ್ತು. ಕುದುರೆ ಸಾಕುವವರ ಮನೆಯ ಸೊಸೆ ಯಂಜ್ಮಾ ಚೊಚ್ಚಲ ಬಾಣಂತನದಲ್ಲೇ ಸಾವಿನ ಹೊಸ್ತಿಲಿಗೆ ಹೋದದ್ದು ಅದರಿಂದ.

ಅವಳ ಮಗು ಹೊಟ್ಟೆಯೊಳಗೆ ಅಡ್ಡಲಾಗಿ ಮಲಗಿಬಿಟ್ಟಿತ್ತು. "ಅವರಪ್ಪನ ಹಾಗೇ, ಎಬ್ಬಿಸಿದರೂ ಏಳದ ಜಾತಿ," ಎಂದಿದ್ದಳು ಅತ್ತೆ ದೊಲ್ಗೋರ್. ಅವರಪ್ಪ ಬದ್ರಾಖ್ ಹೆಂಡತಿಯನ್ನು ಲಾರಿಯ ಹಿಂದೆ ಕಂಬಳಿಗಳ ನಡುವೆ ಮಲಗಿಸಿ, ಹೆಪ್ಪುಗಟ್ಟಿದ ನದಿಯ ಮೇಲೆಯೇ ಲಾರಿ ಓಡಿಸಿಕೊಂಡು ತಂದ. ಆಸ್ಪತ್ರೆಯ ದೊಡ್ಡ ಡಾಕ್ಟರ್ ಜಂಬಲ್ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಬಾಗಿಲಿನಿಂದ ಬಾರದೆ ಗುಡಾರದ ಗೋಡೆ ಸೀಳಿಸಿಕೊಂಡು ಬಂದ ಅತಿಥಿ! ಮಂಪರಿನಲ್ಲೇ ಯಂಜ್ಮಾ ಆ ಅಳುವನ್ನು ಕೇಳಿದಳು. ಅವಳ ಕಣ್ಣೆದುರು ಎಷ್ಟು ಮರಿ ಹುಟ್ಟಿಲ್ಲ, ಎಷ್ಟು ಕರು ಹುಟ್ಟಿಲ್ಲ. ಬೆಳ್ಳಂಬೆಳಗ್ಗೆ ಹಿಮದ ಮೇಲೆ ಹಬೆಯಾಡುತ್ತಾ ಬಿದ್ದ ಕುದುರೆಮರಿಗಳನ್ನು ತನ್ನ ಅಂಗಿಯೊಳಗೆ ಹಾಕಿಕೊಂಡು ಬೆಚ್ಚಗೆ ಮಾಡಿದವಳು ಅವಳು. ಆದರೂ ಡಾಕ್ಟರರ ಕೈಯಲ್ಲಿ ತಲೆಕೆಳಗಾಗಿ ತೂಗುತ್ತಾ, ಕೆಂಪಗೆ, ಇಡೀ ಲೋಕದ ಮೇಲೆ ಸಿಟ್ಟಾಗಿ ಕಿರುಚುತ್ತಿದ್ದ ಆ ಜೀವ ತನ್ನೊಳಗೆ ಇತ್ತು ಎಂಬುದನ್ನು ಅವಳಿಗೆ ನಂಬಲಾಗಲಿಲ್ಲ. 'ಇಷ್ಟು ದೊಡ್ಡ ದನಿ ನನ್ನ ಹೊಟ್ಟೆಯಲ್ಲಿ ಎಲ್ಲಿ ಅಡಗಿತ್ತು?' ಎಂದುಕೊಳ್ಳುತ್ತಲೇ ಅವಳು ನಿದ್ದೆ ಹೋದಳು.

ಕೊಯ್ಯುವುದರಲ್ಲಿ ಡಾಕ್ಟರ್ ಜಂಬಲ್ ಅವರನ್ನು ಮೀರಿಸಿದವರಿರಲಿಲ್ಲ. ನೊಣ ಹಾರುತ್ತಿರುವಾಗಲೇ ಅದರ ರೆಕ್ಕೆಗೆ ಹೊಲಿಗೆ ಹಾಕುವಂಥ ಕೈ. ತೊಂದರೆ ಇದ್ದದ್ದು ಹೊಲಿದ ಮೇಲೆ. ಅಷ್ಟು ವರ್ಷ ನಾಡಿಗೆ ಹಣ, ಸಾಮಾನು ಕೊಡುತ್ತಿದ್ದ ರಷ್ಯನ್ನರು ಗಂಟುಮೂಟೆ ಕಟ್ಟಿ ಹೋದ ಮೇಲಿನ ಚಳಿಗಾಲ ಅದು. ಹೊರಗಿನ ಚಳಿಗೆ ಮನುಷ್ಯನ ನೆರಳು ಕೂಡ ಅವನನ್ನು ಅಂಗಳದಲ್ಲಿ ಬಿಟ್ಟು ತಾನು ಮೊದಲು ಒಳಗೆ ಓಡುತ್ತಿತ್ತು. ಆಸ್ಪತ್ರೆಯ ಬಿಸಿನೀರಿನ ಕೊಳವೆಗಳು ಸತ್ತವರ ಕೈಯಷ್ಟು ಬೆಚ್ಚಗಿದ್ದವು. ನರ್ಸುಗಳಲ್ಲಿ ಅರ್ಧಕ್ಕರ್ಧ ಜನ ಬಟ್ಟೆಬರೆ ವ್ಯಾಪಾರಕ್ಕೆಂದು ಚೀಲ ಹೊತ್ತು ಚೀನಾದ ಗಡಿಗೆ ಹೋಗಿಬಿಟ್ಟಿದ್ದರು. ಮೇಲಿನ ಮಹಡಿಗೆಲ್ಲ ಉಳಿದಿದ್ದವಳು ಚಿಮ್ಗೆ ಒಬ್ಬಳೇ. ಅವಳು ನಡೆಯುತ್ತಿರಲಿಲ್ಲ, ಹಾರುತ್ತಿದ್ದಳು. ಒಂದು ಕಾಲು ಈ ವಾರ್ಡಿನಲ್ಲಿದ್ದರೆ ಇನ್ನೊಂದು ಕಾಲು ಆಗಲೇ ಮುಂದಿನ ವಾರ್ಡಿನಲ್ಲಿ.

"ಚೆನ್ನಾಗಿದ್ದೀಯಾ?" ಎನ್ನುವಳು ಚಿಮ್ಗೆ.

"ಚೆನ್ನಾಗಿದ್ದೀನಿ ಅಕ್ಕಾ," ಎನ್ನುವಳು ಯಂಜ್ಮಾ.

ಅಷ್ಟೇ. ಯಂಜ್ಮಾಳ ನಾಲಿಗೆ ಎರಡನೆಯ ಮಾತಿಗೆ ಸಿದ್ಧವಾಗುವಷ್ಟರಲ್ಲಿ ಚಿಮ್ಗೆಯ ಬಿಳಿ ಅಂಗಿಯ ಅಂಚು ಬಾಗಿಲಿನಾಚೆ ಮಾಯ. ಹುಲ್ಲುಗಾವಲಿನ ನಾಲಿಗೆ ಅದು, ಚಹಾ ಇಲ್ಲದೆ ಮುಂದಕ್ಕೆ ಹೊರಳುವುದಿಲ್ಲ.

ಮೊದಲು ಚಳಿ ಬಂತು. ಆಮೇಲೆ ಮೈ ಕಾದಿತು, ಎಷ್ಟೆಂದರೆ ಅವಳ ಹಾಸಿಗೆಯ ಪಕ್ಕದ ಕಿಟಕಿಯ ಗಾಜಿನ ಮೇಲಿನ ಮಂಜುಗಡ್ಡೆ ಕರಗಿ ನೀರಾಗಿ ಇಳಿಯಿತು. ಉಳಿದ ಕಿಟಕಿಗಳೆಲ್ಲ ಬೆಳ್ಳಗೆ ಕುರುಡಾಗಿದ್ದಾಗ ಅದೊಂದರಿಂದ ಅಂಗಳ ಕಾಣುತ್ತಿತ್ತು. ಹೊಟ್ಟೆಯ ಮೇಲೆ ಕಟ್ಟಿದ್ದ ಬಟ್ಟೆಯನ್ನು ಶಸ್ತ್ರಚಿಕಿತ್ಸೆಯಾದಾಗಿನಿಂದ ಯಾರೂ ಬಿಚ್ಚಿ ನೋಡಿರಲಿಲ್ಲ. ಅದು ಒದ್ದೆಯಾಗಿತ್ತು. ಅದರಿಂದ ಒಂದು ವಾಸನೆ ಬರತೊಡಗಿತ್ತು, ಸಿಹಿಯಾದ, ಕೊಳೆತ ವಾಸನೆ. ಯಂಜ್ಮಾಳಿಗೆ ಆ ವಾಸನೆಯ ಗುರುತಿತ್ತು. ಹೋದ ವಸಂತದಲ್ಲಿ ತೋಳ ಕಚ್ಚಿದ ಕಪ್ಪು ಕುರಿಯಿಂದ ಬರುತ್ತಿದ್ದದ್ದು ಇದೇ. ಆ ಕುರಿ ಉಳಿಯಲಿಲ್ಲ. ಅದರ ತಬ್ಬಲಿ ಮರಿಗೆ ಯಂಜ್ಮಾಳೇ ಬಾಟಲಿಯಲ್ಲಿ ಹಾಲೂಡಿಸಿದ್ದಳು. ಹಾಲು ಕುಡಿದಾದ ಮೇಲೂ ಅದು ಅವಳ ಕೈಬೆರಳನ್ನು ಬಿಡದೆ ಚೀಪುತ್ತಿತ್ತು. ಬೆರಳಲ್ಲಿ ಏನೂ ಇಲ್ಲವೆಂದು ಗೊತ್ತಿದ್ದರೂ ಚೀಪುತ್ತಿತ್ತು.

ಮಕ್ಕಳನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಹಾಲಿನ ಹೊತ್ತಿಗೆ ಅವುಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಬೇಕರಿಯವನು ಬ್ರೆಡ್ಡು ಜೋಡಿಸಿದ ಹಾಗೆ ಗಾಡಿಯಲ್ಲಿ ಸಾಲಾಗಿ ಮಲಗಿಸಿ ತರುತ್ತಿದ್ದರು. ಹಸಿವಾದಾಗ ಅವೆಲ್ಲ ಒಟ್ಟಿಗೆ ಅತ್ತರೆ ಗೋಡೆಯ ಸುಣ್ಣ ಉದುರುತ್ತಿತ್ತು. ಅಷ್ಟು ಅಳುವಿನ ನಡುವೆಯೂ ತನ್ನ ಮಗನ ದನಿ ಯಾವುದೆಂದು ಯಂಜ್ಮಾಳಿಗೆ ಗೊತ್ತಾಗುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಹೇಗೆ ಗೊತ್ತಾಗುತ್ತದೆ ಎಂದು ಯೋಚಿಸಿದರೆ ಅವಳ ಮೈ ಜುಮ್ಮೆನ್ನುತ್ತಿತ್ತು. ಜ್ವರದವಳಿಗೆ ಮಗು ಕೊಡಬಾರದೆಂದೇನೂ ಯಾರೂ ಹೇಳಲಿಲ್ಲ, ಯಾಕೆಂದರೆ ಅವಳಿಗೆ ಜ್ವರವಿದೆಯೆಂದೇ ಯಾರಿಗೂ ತಿಳಿದಿರಲಿಲ್ಲ. ಆದರೆ ಹಾಲು ಬತ್ತತೊಡಗಿತ್ತು. ಮಗು ಎರಡು ಸಲ ಚೀಪಿ, ಬಾಯಿ ತೆಗೆದು, ಅವಳ ಮುಖವನ್ನೇ ನೋಡುತ್ತಿತ್ತು.

ಪಕ್ಕದ ಹಾಸಿಗೆಯವಳು ಹೊರ್ಲೋ. ಅಂಚೆ ಕಚೇರಿಯಲ್ಲಿ ಟೆಲಿಫೋನು ಕರೆ ಜೋಡಿಸುವ ಹೆಂಗಸು, ಇದು ಅವಳ ಮೂರನೆಯ ಹೆರಿಗೆ. ಜಿಲ್ಲೆಯ ಅರ್ಧ ಸಂಸಾರಗಳ ಜಗಳ ಅವಳ ಕಿವಿಯ ಮೂಲಕವೇ ಹಾದುಹೋಗಿತ್ತು. ಉಳಿದರ್ಧ ಸಂಸಾರಗಳಿಗೆ ಫೋನಿರಲಿಲ್ಲ.

"ಏ ಹುಡುಗಿ, ನೀನು ಕುದೀತಿದ್ದೀಯ ಕಣೇ! ನಿನ್ನ ಹಣೆ ಮೇಲೆ ರೊಟ್ಟಿ ಬೇಯಿಸಬಹುದು. ನರ್ಸಿಗೆ ಹೇಳಬಾರದಾ?"

"ಹೇಳ್ತೀನಿ ಅಕ್ಕಾ. ಕೇಳಿದಾಗ ಹೇಳ್ತೀನಿ."

"ಕೇಳ್ತಾಳಲ್ಲೇ ದಿನಾ!"

"ಕೇಳ್ತಾಳೆ," ಎಂದಳು ಯಂಜ್ಮಾ ಕಣ್ಣು ಮುಚ್ಚಿ. "ಆಮೇಲಿಂದು ಕೇಳಲ್ಲ."

ಹೊರ್ಲೋ ಸುಮ್ಮನಿರುವವಳಲ್ಲ. ಚಿಮ್ಗೆ ಹಾರುತ್ತಾ ಬಂದಾಗ ಅವಳ ತೋಳನ್ನೇ ಹಿಡಿದಳು. "ತಾಯಿ, ಒಂದು ನಿಮಿಷ ನೆಲದ ಮೇಲೆ ನಿಲ್ಲು. ಈ ಹುಡುಗಿಗೆ ಮೈಯೆಲ್ಲ ಬೆಂಕಿ, ಗಾಯ ನಾರ್ತಿದೆ."

"ಅವಳಿಗೆ ಬಾಯಿಲ್ವಾ? ನೀನೇನು ಅವಳ ವಕೀಲಳಾ?" ಎನ್ನುತ್ತಾ ಚಿಮ್ಗೆ ಯಂಜ್ಮಾಳ ಕಡೆ ತಿರುಗಿದಳು. "ಏನಮ್ಮಾ, ಚೆನ್ನಾಗಿದ್ದೀಯಾ?"

ಯಂಜ್ಮಾ ಹಲ್ಲು ಕಚ್ಚಿದಳು. ಬಾಯಿಯ ತುಂಬ ಬೇರೆ ಮಾತೇ ಇತ್ತು, ದೇವರಾಣೆಗೂ ಇತ್ತು. ಆದರೆ ಅವಳ ಅಜ್ಜಿ, ಮುತ್ತಜ್ಜಿ, ಮುತ್ತಜ್ಜಿಯ ಮುತ್ತಜ್ಜಿಯೆಲ್ಲ ಸಾಲಾಗಿ ಬಂದು ಅವಳ ನಾಲಿಗೆಯ ಮೇಲೆ ಕೂತರು. "ಚೆನ್ನಾಗಿದ್ದೀನಿ ಅಕ್ಕಾ," ಅಂದಿತು ನಾಲಿಗೆ.

"ನೋಡಿದೆಯಾ?" ಎಂದು ಚಿಮ್ಗೆ ಹಾರಿಹೋದಳು.

ಹೊರ್ಲೋ ಹಣೆ ಚಚ್ಚಿಕೊಂಡ ಸದ್ದು ಕೆಳಗಿನ ಮಹಡಿಗೆ ಕೇಳಿಸಿತಂತೆ. "ಥೂ ನಿನ್ನ! ಹೆಣವಾದ ಮೇಲಾದರೂ ನಿಜ ಹೇಳ್ತೀಯೋ, ಆಗಲೂ 'ಚೆನ್ನಾಗಿದ್ದೀನಿ' ಅಂತೀಯೋ?"

ಡಾಕ್ಟರ್ ಜಂಬಲ್ ಕೂಡ ಬೆಳಗಿನ ಹೊತ್ತು ಬರುತ್ತಿದ್ದರು. ಬಾಗಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡು, "ಎಲ್ಲ ಚೆನ್ನಾಗಿದ್ದೀರೇನ್ರಮ್ಮಾ?" ಎನ್ನುವರು. ಹಾಸಿಗೆಗಳೆಲ್ಲ ಶಾಲೆಯ ಮಕ್ಕಳ ಹಾಗೆ ರಾಗವಾಗಿ, "ಚೆನ್ನಾಗಿದ್ದೀವಿ ಡಾಕ್ಟ್ರೇ!" ಎನ್ನುವವು. ಹೊಲಿಗೆ ಬಿಚ್ಚಿದವಳೂ ಹಾಗೇ ಅನ್ನುವಳು, ಎದೆಹಾಲು ಕಟ್ಟಿ ಕಲ್ಲಾದವಳೂ ಹಾಗೇ ಅನ್ನುವಳು. ಡಾಕ್ಟರರ ಮುಖ ಅರಳುತ್ತಿತ್ತು. ಅಷ್ಟು ಆರೋಗ್ಯವಾಗಿರುವ ಆಸ್ಪತ್ರೆ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಳದಿಂದ ಒಂದು ಕೂಗು ಬಂತು.

ದೊಲ್ಗೋರಳ ದನಿಯ ವಿಷಯ ಇಲ್ಲಿ ಹೇಳಲೇಬೇಕು. ಅವಳು ಗುಡಾರದ ಮುಂದೆ ನಿಂತು ಕುದುರೆ ಕರೆದರೆ ಬೆಟ್ಟದಾಚೆಯ ಅವಳ ಕುದುರೆಗಳು ಬರುವುದು ಹಾಗಿರಲಿ, ಪಕ್ಕದ ಜಿಲ್ಲೆಯವರ ಕುದುರೆಗಳೂ ಯಜಮಾನನಿಗೆ ರಾಜೀನಾಮೆ ಕೊಟ್ಟು ಹೊರಟುಬರುತ್ತಿದ್ದವು. ಅವಳು ಸೀನಿದ್ದಕ್ಕೆ ಒಮ್ಮೆ ಹದ್ದೊಂದು ಹಿಡಿದಿದ್ದ ಮೊಲವನ್ನು ಬಿಟ್ಟುಬಿಟ್ಟಿತ್ತು. ಆ ಮೊಲ ಬದುಕಿರುವ ತನಕ ಅವಳ ಗುಡಾರದ ಸುತ್ತಲೇ ಕೃತಜ್ಞತೆಯಿಂದ ಮೇಯುತ್ತಿತ್ತು.

"ಯಂಜ್ಮಾ! ಮಗಳೇ! ಚೆನ್ನಾಗಿದ್ದೀಯಾ?"

ವಾರ್ಡಿನ ಔಷಧಿ ಸೀಸೆಗಳು ಒಂದಕ್ಕೊಂದು ತಾಗಿ ಟಣ್ ಎಂದವು. ಹೊರ್ಲೋ ಎದ್ದುಬಂದು ಯಂಜ್ಮಾಳನ್ನು ದಿಂಬಿಗೆ ಒರಗಿಸಿ ಕೂರಿಸಿದಳು. ಚಳಿಗಾಲಕ್ಕೆಂದು ಕಿಟಕಿಗಳ ಸಂದಿಗೆಲ್ಲ ಕಾಗದ ಅಂಟಿಸಿ ಮುಚ್ಚಿದ್ದರು. ಮೇಲ್ಗಡೆಯ ಪುಟ್ಟ ಗಾಜಿನ ಬಾಗಿಲು ಮಾತ್ರ ತೆರೆಯುತ್ತಿತ್ತು. ಒಳಗೆ ನೆಂಟರನ್ನು ಬಿಡುವ ಪದ್ಧತಿಯೇ ಇರಲಿಲ್ಲ. ಗಂಡಂದಿರು, ಅತ್ತೆಯಂದಿರು ಅಂಗಳದ ಹಿಮದಲ್ಲಿ ನಿಂತು ಕುತ್ತಿಗೆ ಎತ್ತಿ ಮಾತಾಡುವುದು. ಬಾಣಂತಿಯರು ಬ್ಯಾಂಡೇಜು ಬಟ್ಟೆಯನ್ನು ಗಂಟುಹಾಕಿ ಇಳಿಬಿಟ್ಟು ಸಾರಿನ ಫ್ಲಾಸ್ಕುಗಳನ್ನು ಬಾವಿಯಿಂದ ನೀರು ಸೇದಿದ ಹಾಗೆ ಸೇದಿಕೊಳ್ಳುವುದು.

ಕರಗಿದ ಗಾಜಿನಲ್ಲಿ ಯಂಜ್ಮಾಳಿಗೆ ಅತ್ತೆ ಕಂಡಳು. ನರಿತೊಗಲಿನ ಟೊಪ್ಪಿಗೆ, ನೀಲಿ ನಿಲುವಂಗಿ, ಕಾಲ ಬಳಿ ಬೆರಣಿಯ ಚೀಲ. ಪಕ್ಕದಲ್ಲಿ ಗಂಡ ಬದ್ರಾಖ್, ಕೈಯಲ್ಲಿ ಕೆಟಲು ಹಿಡಿದು, ಕಳೆದುಹೋದ ಒಂಟೆಯ ಮುಖ ಮಾಡಿಕೊಂಡು.

"ಚೆನ್ನಾಗಿದ್ದೀನಿ ಅವ್ವಾ," ಎಂದಳು ಯಂಜ್ಮಾ. ಆ ದನಿ ಅವಳ ತುಟಿಯನ್ನೂ ದಾಟಲಿಲ್ಲ.

ಹೊರ್ಲೋ ಪುಟ್ಟ ಬಾಗಿಲಿಗೆ ಬಾಯಿಟ್ಟಳು. ಅವಳ ಕಸುಬೇ ಅದಲ್ಲವೇ. "ಚೆನ್ನಾಗಿದ್ದಾಳಂತೆ ಅಜ್ಜೀ! ಶುದ್ಧ ಸುಳ್ಳು!"

"ಗೊತ್ತು ಬಿಡವ್ವಾ!" ಎಂದು ಕೂಗಿದಳು ದೊಲ್ಗೋರ್. "ಅದು ಮೊದಲನೇದು. ತಾಳಿ, ಚಹಾ ಕಾಯಿಸ್ತೀನಿ."

"ಇಲ್ಲಿ ಜೀವ ಹೋಗ್ತಿದೆ, ಈ ಮುದುಕಿ ಚಹಾ ಕಾಯಿಸ್ತಾಳಂತೆ!" ಎಂದಳು ಹೊರ್ಲೋ. ಆದರೆ ಯಂಜ್ಮಾಳ ಕಣ್ಣಲ್ಲಿ ನೀರು ಬಂದಿತ್ತು. ಈ ಕಲ್ಲಿನ ಕಟ್ಟಡಕ್ಕೆ ಬಂದ ಮೇಲೆ ಅವಳಿಗಾಗಿ ನಿಂತು ಚಹಾ ಕಾಯಿಸುತ್ತೇನೆಂದ ಮೊದಲ ಜೀವ ಅವಳ ಅತ್ತೆ.

ದೊಲ್ಗೋರ್ ಹಿಮವನ್ನು ಬೂಟಿನಿಂದ ಸರಿಸಿ, ಮೂರು ಇಟ್ಟಿಗೆ ಇಟ್ಟು, ಬೆರಣಿ ಒಟ್ಟಿ ಬೆಂಕಿ ಹಚ್ಚಿದಳು. ಪಟ್ಟಣದ ಕಲ್ಲಿದ್ದಲಿನ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಅದರಲ್ಲಿ ಕಾಯಿಸಿದ ಚಹಾಕ್ಕೆ ರೈಲಿನ ರುಚಿ ಬರುತ್ತದೆ ಎನ್ನುವಳು. ಹೊಗೆ ಎದ್ದಿತು. ನೆಟ್ಟಗೆ ಮೇಲೇರಿ ಪುಟ್ಟ ಬಾಗಿಲಿನಿಂದ ವಾರ್ಡಿನೊಳಗೆ ನುಗ್ಗಿತು. ಫಿನಾಯಿಲಿನ ವಾಸನೆ ಬಾಲ ಮುದುರಿಕೊಂಡು ಮೂಲೆ ಸೇರಿತು. ಯಂಜ್ಮಾ ಆ ಹೊಗೆಯನ್ನು ಉಸಿರಿನ ತುಂಬ ಎಳೆದುಕೊಂಡಳು. ಒಂದು ಕ್ಷಣ ಸೂರು ಗುಡಾರದ ಹಾಗೆ ದುಂಡಗಾಯಿತು, ನಡುವೆ ಒಲೆ ಕಂಡಿತು, ಹೊರಗೆ ಕುದುರೆಗಳು ಹಿಮ ಕೆದರುವ ಸದ್ದು ಕೇಳಿಸಿತು. ಹೊಗೆಗೆ ಇಷ್ಟು ದೂರ ನಡೆದು ಬಂದು ತನ್ನನ್ನು ಹುಡುಕುವಷ್ಟು ಬುದ್ಧಿಯಿದೆಯೇ ಎಂದು ಅವಳು ಬೆರಗಾದಳು.

ಮೊದಲ ಸೌಟು ಚಹಾವನ್ನು ದೊಲ್ಗೋರ್ ದೇವರ ಪಾಲೆಂದು ಆಕಾಶಕ್ಕೆ ಚಿಮುಕಿಸಿದಳು. ಎರಡನೆಯದು ಫ್ಲಾಸ್ಕಿಗೆ. ಹೊರ್ಲೋ ಸೇದಿಕೊಂಡಳು. ಯಂಜ್ಮಾ ಕುಡಿದಳು, ಬಿಸಿಬಿಸಿ, ಉಪ್ಪುಪ್ಪು, ಬೆಣ್ಣೆ ತೇಲುವ ಚಹಾ. ಅವಳ ನಾಲಿಗೆಯ ಮೇಲೆ ಕೂತಿದ್ದ ಮುತ್ತಜ್ಜಿಯರೆಲ್ಲ ಒಂದೊಂದು ಗುಟುಕು ಕುಡಿದು, ತೃಪ್ತಿಯಿಂದ ಎದ್ದು ದಾರಿಬಿಟ್ಟರು.

"ಕುಡಿದೆಯಾ?" ಕೆಳಗಿನಿಂದ ದನಿ ಬಂತು. ಈಗ ಅದು ಮೆತ್ತಗಿತ್ತು, ಎಂದರೆ ಬೀದಿಯ ತುದಿಯವರೆಗೆ ಮಾತ್ರ ಕೇಳಿಸುವಷ್ಟು. "ಮತ್ತೇನು ಸಮಾಚಾರ ಮಗಳೇ?"

ಯಂಜ್ಮಾ ಪಿಸುಗುಟ್ಟಿದಳು, ಹೊರ್ಲೋ ಒಂದಕ್ಷರ ಬಿಡದೆ ಕೆಳಕ್ಕೆ ಜೋಡಿಸಿದಳು. "ಮೈ ಸುಡ್ತಿದೆಯಂತೆ! ಗಾಯ ಯಾರೂ ಬಿಚ್ಚಿ ನೋಡಿಲ್ಲವಂತೆ! ತೋಳ ಕಚ್ಚಿದ ಕಪ್ಪು ಕುರಿ ನೆನಪಿದೆಯಾ ಅವ್ವಾ, ಅದೇ ವಾಸನೆ ಅಂತಿದ್ದಾಳೆ! ಹಾಲು ಬತ್ತುತ್ತಿದೆಯಂತೆ. ಮಗೂನ... ಮಗೂನ ಬಾಟಲಿ ಮರಿ ಮಾಡಬೇಡ ಅವ್ವಾ ಅಂತಿದ್ದಾಳೆ."

ದೊಲ್ಗೋರ್ ಕೈಯಲ್ಲಿದ್ದ ಸೌಟನ್ನು ಇಟ್ಟಿಗೆಗೆ ಕುಟ್ಟಿದಳು. ಆ ಸದ್ದಿಗೆ ಅಂಗಳದ ನಾಯಿಗಳು ಎದ್ದು ನಿಂತವು.

ಬದ್ರಾಖ್ ಕೆಟಲು ಕೆಳಗಿಟ್ಟು ಮುಂಬಾಗಿಲಿಗೆ ಧಾವಿಸಿದ. ಕಾವಲಿನ ಹೆಂಗಸು ಒಳಗಿನಿಂದ ಅಗುಳಿ ಹಾಕಿ, "ಡಾಕ್ಟ್ರು ಊಟಕ್ಕೆ ಹೋಗಿದಾರೆ! ನೆಂಟರನ್ನ ಬಿಡಲ್ಲ!" ಎಂದಳು.

"ಮುರೀತೀನಿ ಅವ್ವಾ!" ಎಂದ ಬದ್ರಾಖ್.

"ಬೇಡ," ಎಂದಳು ದೊಲ್ಗೋರ್. "ಬಾಗಿಲು ಮುರಿದರೆ ಡಾಕ್ಟರಿಗೆ ಬಾಗಿಲಿನ ಚಿಂತೆ ಹಿಡಿಯುತ್ತೆ, ನಿನ್ನ ಹೆಂಡತಿ ಚಿಂತೆ ಹಿಡಿಯಲ್ಲ. ಬಾ, ಬೆಂಕಿ ನೋಡ್ಕೊ. ಊಟಕ್ಕೆ ಹೋದವರು ಬಂದೇ ಬರ್ತಾರೆ."

ಡಾಕ್ಟರ್ ಜಂಬಲ್ ಬಂದರು. ಕೋಟಿನ ಕಾಲರು ಕಿವಿಗೇರಿಸಿ, ತಲೆ ತಗ್ಗಿಸಿ, ಬಿರಬಿರನೆ. ಬೆಂಕಿ ಕಂಡು ಅವರ ಹುಬ್ಬು ಟೊಪ್ಪಿಗೆಯೊಳಗೆ ಹೋಯಿತು. ಬೈಯಲೆಂದೇ ಬಾಯಿ ತೆರೆದರು. ದೊಲ್ಗೋರ್ ಮೊದಲೇ ತೆರೆದಿದ್ದಳು.

"ಚೆನ್ನಾಗಿದ್ದೀರಾ ಡಾಕ್ಟ್ರೇ?"

"ಚೆನ್ನಾಗಿದ್ದೀನಿ ತಾಯಿ. ನೀವು ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಿ."

ಮೇಲಿನಿಂದ ನೋಡುತ್ತಿದ್ದ ಯಂಜ್ಮಾಳ ಎದೆ ಕುಸಿಯಿತು. ಆಯಿತು, ಇಲ್ಲೂ ಮುಗಿಯಿತು. ಡಾಕ್ಟರು ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದರು. ಆಗ ದೊಲ್ಗೋರ್ ನಿಲುವಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ, ಬಲಗೈಯಲ್ಲಿ ಬಟ್ಟಲು ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಪದ್ಧತಿ ತಪ್ಪದೆ ಚಹಾ ನೀಡಿದಳು.

"ಕೆಲಸ ಇದೆ ತಾಯಿ, ಬಹಳ ಕೆಲಸ..." ಎಂದಿತು ಡಾಕ್ಟರರ ಬಾಯಿ. ಆದರೆ ಅವರ ಕೈಗಳು ಕೇಳಲಿಲ್ಲ. ಮಾಸ್ಕೋದಲ್ಲಿ ಓದಿದ ಕೈಗಳು, ನೊಣದ ರೆಕ್ಕೆ ಹೊಲಿಯುವ ಕೈಗಳು, ಕೈಗವಸು ಕಳಚಿದವು, ತೋಳು ಇಳಿಸಿಕೊಂಡವು, ಮುಂದೆ ಚಾಚಿ ಬಟ್ಟಲನ್ನು ತೆಗೆದುಕೊಂಡವು. ನೀಡಿದ ಚಹಾವನ್ನು ಬೇಡವೆನ್ನುವ ಕೈ ಆ ನಾಡಿನಲ್ಲಿ ಇನ್ನೂ ಹುಟ್ಟಬೇಕು. ಮೊದಲ ಗುಟುಕಿಗೆ ಡಾಕ್ಟರರ ಕನ್ನಡಕ ಮಂಜಾಯಿತು. ಎರಡನೆಯದಕ್ಕೆ ಕಾಲರು ಇಳಿಯಿತು. ಮತ್ತೊಂದು ಗುಟುಕಿಗೆ ಜಿಲ್ಲೆಯ ದೊಡ್ಡ ಡಾಕ್ಟರು ಮಾಯವಾಗಿ ಗೋಬಿ ಮರುಭೂಮಿಯ ಒಂಟೆ ಕಾಯುವವನ ಕಿರಿಯ ಮಗ ಅಲ್ಲಿ ನಿಂತಿದ್ದ. ಬಟ್ಟಲು ಬರಿದಾಯಿತು. ಬಾಯೊರೆಸಿಕೊಂಡರು. ಅವರಿಗೆ ಕೇಳಬೇಕೆಂದಿರಲಿಲ್ಲ, ಕೇಳುವ ಹೊತ್ತೂ ಇರಲಿಲ್ಲ. ಆದರೆ ಅವರ ನಾಲಿಗೆಯ ಮೇಲೂ ಮುತ್ತಜ್ಜಂದಿರಿದ್ದರು.

"ಮತ್ತೇನು ಸಮಾಚಾರ ತಾಯಿ?" ಎಂದುಬಿಟ್ಟರು.

ಯಂಜ್ಮಾಳ ಕೂದಲು ನಿಮಿರಿತು. ತನ್ನನ್ನು ಇಷ್ಟು ದಿನ ಕಟ್ಟಿಹಾಕಿದ್ದ ಹಗ್ಗವೇ ಈಗ ಅಂಗಳದಲ್ಲಿ ಡಾಕ್ಟರರ ಕಾಲಿಗೆ ಸುತ್ತಿಕೊಂಡಿತ್ತು.

"ನನ್ನದೇನೂ ಇಲ್ಲಪ್ಪಾ," ಎಂದಳು ದೊಲ್ಗೋರ್. "ಕುದುರೆಗಳು ಕೊಬ್ಬಿದಾವೆ, ಹುಲ್ಲಿದೆ. ಸಮಾಚಾರ ಮೇಲಿದೆ." ಅವಳು ತಲೆಯೆತ್ತಿದಳು, ಎದೆಯ ತುಂಬ ಗಾಳಿ ತೆಗೆದುಕೊಂಡಳು, ಎಷ್ಟೆಂದರೆ ಸುತ್ತ ನಿಂತವರು ಉಸಿರಿಗಾಗಿ ಒಂದು ಕ್ಷಣ ಕಾಯಬೇಕಾಯಿತು. "ಮಕ್ಕಳೇ! ಡಾಕ್ಟ್ರು ಚಹಾ ಕುಡಿದಾಯ್ತು! ಸಮಾಚಾರ ಕೇಳ್ತಿದಾರೆ!"

ಆ ಕೂಗಿಗೆ ಆಸ್ಪತ್ರೆಯ ಚಾವಣಿಯ ಹಿಮವೆಲ್ಲ ಒಂದೇ ಹಾಸಾಗಿ ಜಾರಿ ಹಿತ್ತಲಿಗೆ ಬಿತ್ತು. ಮಾರುಕಟ್ಟೆಯಲ್ಲಿ ಕುರಿ ತೂಗುತ್ತಿದ್ದವನು ತಕ್ಕಡಿ ಬಿಟ್ಟು ತಿರುಗಿದ. ಮಕ್ಕಳ ಕೋಣೆಯಲ್ಲಿ ಅಳುತ್ತಿದ್ದ ಅಷ್ಟೂ ಮಕ್ಕಳು ಒಮ್ಮೆಲೇ ಅಳು ನಿಲ್ಲಿಸಿ ಕಿವಿಗೊಟ್ಟವು. ಆಮೇಲೆ ಎಂಥ ನಿಶ್ಶಬ್ದ! ಬೆರಣಿ ಬೂದಿಯಾಗುವ ಸದ್ದು ಮೇಲಿನ ಮಹಡಿಗೆ ಕೇಳಿಸುತ್ತಿತ್ತು.

ಹೊರ್ಲೋ ಬಾಯಿ ತೆರೆದಳು. ಯಂಜ್ಮಾ ಅವಳ ಕೈ ಹಿಡಿದು ತಡೆದಳು. ಹಾಸಿಗೆಯ ಕಂಬಿ ಹಿಡಿದು, ಹೊಟ್ಟೆಯ ಬೆಂಕಿಯನ್ನು ಇನ್ನೊಂದು ಕೈಯಲ್ಲಿ ಅದುಮಿಕೊಂಡು, ಎದ್ದು ನಿಂತಳು. ಪುಟ್ಟ ಬಾಗಿಲಿನಿಂದ ಬಂದ ಗಾಳಿ ಅವಳ ಕೆನ್ನೆಗೆ ತಾಗಿ ಹಬೆಯಾಯಿತು.

"ಚೆನ್ನಾಗಿಲ್ಲ ಡಾಕ್ಟ್ರೇ," ಎಂದಳು.

ಅಷ್ಟೇ. ಮಾತು ಗಟ್ಟಿಯಾಗಿಯೂ ಇರಲಿಲ್ಲ. ಆದರೆ ಅದು ಹಕ್ಕಿಯ ಗರಿಯ ಹಾಗೆ ಇಳಿಯುತ್ತಾ ಇಳಿಯುತ್ತಾ ಅಂಗಳಕ್ಕೆ ಬಂತು, ಕೆಳಗೆ ನಿಂತಿದ್ದ ಅಷ್ಟೂ ಜನ ಅದು ಇಳಿಯುವುದನ್ನು ಕಣ್ಣಾರೆ ಕಂಡ ಹಾಗೆ ತಲೆ ತಗ್ಗಿಸುತ್ತಾ ಬಂದರು. "ಗಾಯ ಕೊಳೆತಿದೆ. ಒಂದು ಸಲ ಬಿಚ್ಚಿ ನೋಡಿ."

ಆಮೇಲೆ ಪಕ್ಕದ ಕಿಟಕಿ ಕಿರ್ರೆಂದಿತು. "ನಾನೂ ಚೆನ್ನಾಗಿಲ್ಲ! ಹೊಲಿಗೆ ಬಿಚ್ಚಿದೆ!" ಅದರ ಮುಂದಿನ ಕಿಟಕಿ. "ನನ್ನ ಮಗು ಹಳದಿಯಾಗಿದೆ, ಯಾರಾದರೂ ನೋಡಿ!" ಕೆಳಗಿನ ಮಹಡಿ. "ಎದೆ ಕಲ್ಲಾಗಿದೆ ಡಾಕ್ಟ್ರೇ!" "ಕಕ್ಕಸ್ಸಿಗೆ ಗೋಡೆ ಹಿಡ್ಕೊಂಡು ಹೋಗ್ತಿದೀನಿ!" "ರಕ್ತ ನಿಂತಿಲ್ಲ!" ಒಂದರ ಹಿಂದೆ ಒಂದು ಪುಟ್ಟ ಬಾಗಿಲುಗಳು ತೆರೆದವು, ಅಂಟಿಸಿದ ಕಾಗದ ಹರಿಯಿತು, ಆ ಇಡೀ ಕಲ್ಲಿನ ಕಟ್ಟಡ ಕಣ್ಣು ಬಿಟ್ಟ ಹಾಗಾಯಿತು, ಪ್ರತಿ ಕಣ್ಣಿನಲ್ಲೂ ಒಬ್ಬೊಬ್ಬ ತಾಯಿ. ಅವರ ಉಸಿರೆಲ್ಲ ಬೆಳ್ಳಗೆ ಹೊರಬಂದು ಒಂದಾಗಿ ಮೋಡವಾಗಿ ಆಸ್ಪತ್ರೆಯ ನೆತ್ತಿಯ ಮೇಲೆ ನಿಂತಿತು. ಯಂಜ್ಮಾ ಜ್ವರವನ್ನೂ ಮರೆತು ನೋಡಿದಳು. ಇಷ್ಟು ಜನ, ಒಬ್ಬೊಬ್ಬರೂ ತಾನೊಬ್ಬಳೇ ಎಂದುಕೊಂಡು ಮಲಗಿದ್ದರಲ್ಲ!

ಕೊನೆಗೆ ಮಕ್ಕಳ ಕೋಣೆಯ ಕಿಟಕಿ ತೆರೆಯಿತು. ಕಂಕುಳಿಗೊಂದು, ಹೆಗಲಿಗೊಂದು ಮಗು ಹಾಕಿಕೊಂಡು ಚಿಮ್ಗೆ ನಿಂತಿದ್ದಳು. "ನಾನೂ ಚೆನ್ನಾಗಿಲ್ಲ ಡಾಕ್ಟ್ರೇ!" ಎಂದು ಕೂಗಿ ಅವಳು ಗೊಳೋ ಎಂದಳು. "ನಿಂತು ನಿಂತು ಬೂಟಿನೊಳಗೆ ಕಾಲು ಊದಿಕೊಂಡಿದೆ, ಕಳಚೋಕೆ ಬರ್ತಿಲ್ಲ! ಒಬ್ಬಳೇ ಎಷ್ಟು ಜನಕ್ಕೆ ಅಂತ ನಿಲ್ಲಲಿ?"

ಡಾಕ್ಟರ್ ಜಂಬಲ್ ಬಟ್ಟಲನ್ನು ಎಸೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ದೊಲ್ಗೋರಳಿಗೆ ಹಿಂತಿರುಗಿಸಿದರು. ಆಮೇಲೆ ಓಡಿದರು. ಆ ವಯಸ್ಸಿನಲ್ಲಿ, ಆ ದೊಡ್ಡ ಹೊಟ್ಟೆ ಹೊತ್ತು, ಮೆಟ್ಟಿಲುಗಳನ್ನು ಅವರು ಹತ್ತಲಿಲ್ಲ, ಮೆಟ್ಟಿಲುಗಳೇ ಅವರ ಕೆಳಗೆ ಓಡಿದವು.

ಯಂಜ್ಮಾಳ ಗಾಯದ ಬಟ್ಟೆ ಬಿಚ್ಚಿದಾಗ ಅವರ ಮುಖ ಬಿಳುಚಿತು. "ನಾನೇ ಹೊಲಿದದ್ದು," ಎಂದರು, ಯಾರಿಗೂ ಅಲ್ಲ, ಆ ಗಾಯಕ್ಕೇ. "ದಿನಾ ಬಾಗಿಲಲ್ಲಿ ನಿಂತು ಹೋಗ್ತಿದ್ದೆ." ಎರಡು ಹೊಲಿಗೆ ಬಿಡಿಸಿ ಕೀವು ತೆಗೆದರು, ಮತ್ತೆ ಮತ್ತೆ ತೊಳೆದರು. ಬೀಗ ಹಾಕಿದ್ದ ಕಪಾಟು ತೆರೆದು ಪೆನಿಸಿಲಿನ್ ತರಿಸಿದರು. ಯಂಜ್ಮಾ ಹೊರ್ಲೋಳ ಕೈಯನ್ನು ಹಿಂಡಿದ ರಭಸಕ್ಕೆ ಆ ಕೈ ಇಂದಿಗೂ ಸ್ವಲ್ಪ ಚಪ್ಪಟೆಯಾಗಿದೆಯಂತೆ, ಟೆಲಿಫೋನು ಜೋಡಿಸಲು ಅದೇ 'ಅನುಕೂಲ' ಎನ್ನುತ್ತಾಳೆ.

ಕಾವಲಿನ ಹೆಂಗಸು ತಾನಾಗಿ ಅಗುಳಿ ತೆಗೆದಳು. ಅವಳಿಗೂ ಚಹಾ ಸಿಕ್ಕಿತ್ತು. ಅಂಗಳದಲ್ಲಿದ್ದ ಅತ್ತೆಯಂದಿರು, ಅಮ್ಮಂದಿರು ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದರು. ಒಬ್ಬಳು ಕಸ ಗುಡಿಸಿದಳು, ಒಬ್ಬಳು ಒದ್ದೆ ಬಟ್ಟೆ ಬದಲಿಸಿದಳು, ಇಬ್ಬರು ಸೇರಿ ಚಿಮ್ಗೆಯ ಬೂಟನ್ನು ಹಿಡಿದೆಳೆದರು. ಅದು ಬಿಟ್ಟುಕೊಂಡಾಗ ಇಬ್ಬರೂ ಗೋಡೆಗೆ ಬಡಿದು ಬಿದ್ದರು. ದೊಲ್ಗೋರ್ ಪುಟ್ಟ ಕಡುಬು ಹಾಕಿದ ಕುರಿಮಾಂಸದ ಸಾರನ್ನು ಸೊಸೆಗೆ ಚಮಚದಲ್ಲಿ ಕುಡಿಸುತ್ತಾ ಕೂತಳು. ಯಂಜ್ಮಾಳ ಕೈಬೆರಳು ಅತ್ತೆಯ ನಿಲುವಂಗಿಯ ಅಂಚನ್ನು ಹಿಡಿದುಕೊಂಡಿತ್ತು. ನಿದ್ದೆ ಬಂದ ಮೇಲೂ ಬಿಡಲಿಲ್ಲ.

ಜ್ವರ ಮೊಂಡು ಬಿದ್ದಿತ್ತು, ಸುಲಭಕ್ಕೆ ಹೋಗಲಿಲ್ಲ. ಹೋಗುವಂತೆ ನಟಿಸಿ ಮತ್ತೆ ಬಂತು. ದೊಲ್ಗೋರ್ ಅದಕ್ಕೆ ದಿನವೂ ಬೈದಳು. ಕೊನೆಗೊಂದು ಬೆಳಗ್ಗೆ ಯಂಜ್ಮಾ ಕಣ್ಣು ಬಿಟ್ಟಾಗ ಪಕ್ಕದ ಕಿಟಕಿಯ ಗಾಜಿನ ಮೇಲೆ ಉಳಿದೆಲ್ಲ ಕಿಟಕಿಗಳ ಹಾಗೆ ಮಂಜುಗಡ್ಡೆ ಬೆಳ್ಳಗೆ ಕಟ್ಟಿತ್ತು. ಹಣೆ ತಣ್ಣಗಿತ್ತು. ಎದೆ ಭಾರವಾಗಿ ಅಂಗಿ ಒದ್ದೆಯಾಗಿತ್ತು. ಹಾಲು!

ಚಿಮ್ಗೆ ಬಂದಳು, ದೊಡ್ಡ ಅಳತೆಯ ಗಂಡಸರ ಕಂಬಳಿ ಬೂಟು ಹಾಕಿಕೊಂಡು. ಆ ಬೂಟಿನಲ್ಲಿ ಹಾರಲು ಬರುತ್ತಿರಲಿಲ್ಲ. "ಚೆನ್ನಾಗಿದ್ದೀಯಾ?" ಎಂದಳು. "ಚೆನ್ನಾಗಿದ್ದೀನಿ ಅಕ್ಕಾ," ಎಂದಿತು ನಾಲಿಗೆ. ಚಿಮ್ಗೆ ಹೋಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಫ್ಲಾಸ್ಕು ತೆರೆದು, ಬಟ್ಟಲಿಗೆ ಬಗ್ಗಿಸಿದಳು. "ಹ್ಞೂಂ, ಕುಡಿ. ಕುಡಿದು ಬೊಗಳು." ಪಕ್ಕದ ಹಾಸಿಗೆಯಿಂದ ಹೊರ್ಲೋ, "ನನಗೂ ಒಂದು ಬಟ್ಟಲು ತಾಯಿ, ನನ್ನ ಸಮಾಚಾರ ಬಹಳ ಉದ್ದ ಇದೆ," ಎಂದಳು.

ಆಮೇಲೆ ಮಗನನ್ನು ತಂದರು. ದೊಲ್ಗೋರ್ ಬಾಗಿ ನೋಡಿ, "ಅಯ್ಯಯ್ಯೋ, ಎಂಥ ಕುರೂಪಿ! ನಾಯಿಮರಿ ಇದಕ್ಕಿಂತ ವಾಸಿ!" ಎಂದಳು, ಅಕ್ಕಪಕ್ಕದ ದೆವ್ವಗಳಿಗೆಲ್ಲ ಕೇಳಿಸಲೆಂದು, ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿರುವಾಗ. ಯಂಜ್ಮಾ ಮೊದಲ ಸಲ ಆ ಬಿಗಿ ಬಟ್ಟೆಯನ್ನು ಪೂರ್ತಿ ಬಿಚ್ಚಿದಳು. ಹತ್ತಿಯ ಹಾಗಿನ ಹೆಗಲು, ಮಡಿಕೆ ಮಡಿಕೆ ತೊಡೆ, ಯಾರನ್ನೂ ಇನ್ನೂ ತುಳಿಯದ ಪಾದ. ಗುಡಾರದ ಗೋಡೆ ಸೀಳಿಸಿಕೊಂಡು ಬಂದವನು ಇವನೇ. ಅವಳು ತನ್ನ ಬಾಯನ್ನು ಅವನ ಕಿವಿಯ ಹತ್ತಿರ ಒಯ್ದು, ದೊಡ್ಡವರನ್ನು ಕೇಳುವಷ್ಟೇ ಮರ್ಯಾದೆಯಿಂದ ಕೇಳಿದಳು.

"ಚೆನ್ನಾಗಿದ್ದೀರಾ?"

ಅವನಿಗಿನ್ನೂ ನಾಡಿನ ರೀತಿನೀತಿ ಬಂದಿರಲಿಲ್ಲ. ಚಹಾಕ್ಕೆ ಕಾಯಲಿಲ್ಲ, ಎರಡನೆಯ ಪ್ರಶ್ನೆಗೂ ಕಾಯಲಿಲ್ಲ. ಬಾಯಿ ಕಿವಿಯಿಂದ ಕಿವಿಯವರೆಗೆ ತೆರೆದು, ಹಸಿವೆಂದರೆ ಹಸಿವೆಂದು, ಅಜ್ಜಿಯ ದನಿಯನ್ನೂ ಸಣ್ಣದು ಮಾಡುವ ಹಾಗೆ, ಬೆಟ್ಟದಾಚೆಯ ಕುದುರೆಗಳು ತಲೆಯೆತ್ತಿ ನೋಡುವ ಹಾಗೆ ಕಿರುಚಿದ.

ಯಂಜ್ಮಾ ಆ ಬಾಯನ್ನೇ ಬೆರಗಾಗಿ ನೋಡುತ್ತಾ ಅವನನ್ನು ಎದೆಗೆ ಹಚ್ಚಿಕೊಂಡಳು.